ಆಟದ ಋಣ ತೀರಿಸಲು ಹೊರಟ ಕ್ಲೆಮೆಂಟೆ

ಕ್ರಿಕೆಟ್ ಬಲ್ಲವರ ಮುಂದೆ 99.94 ಎಂದರೆ ಸಾಕು, ಅದು ಡೊನಾಲ್ಡ್ ಬ್ರಾಡ್ಮನ್ ಅವರ ಸರಾಸರಿ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಪೂರ್ಣಕ್ಕೆ ಕೂದಲೆಳೆಯಷ್ಟು ಕೊರತೆಯಾದದ್ದರಿಂದಲೇ ಆ ಅಂಕಿ ನೆನಪಿನಲ್ಲಿ ನಿಂತಿತು. ಬೇಸ್‌ಬಾಲ್ ಪ್ರಿಯರಿಗೆ ಅಂಥದೇ ಇನ್ನೊಂದು ಅಂಕಿಯಿದೆ: 3,000. ಪೋರ್ಟೊರಿಕೊ ದ್ವೀಪದ ರಾಬರ್ಟೊ ಕ್ಲೆಮೆಂಟೆ ಅವರು ಅಮೆರಿಕದ ಮೇಜರ್ ಲೀಗ್ ಪಂದ್ಯಗಳಲ್ಲಿ ಹದಿನೆಂಟು ವರ್ಷ ಆಡಿ ಗಳಿಸಿದ ‘ಹಿಟ್’ಗಳ ಸಂಖ್ಯೆ ಅದು. ಚೆಂಡನ್ನು ಹೊಡೆದ ಬ್ಯಾಟುಗಾರ ಔಟಾಗದೆ ಕನಿಷ್ಠ ಮೊದಲ ಬೇಸನ್ನು ತಲುಪಿದರೆ ಅದು ಒಂದು ಹಿಟ್. ಕ್ಲೆಮೆಂಟೆ ಅವರ ಖಾತೆಯಲ್ಲಿ ಇಂಥವು ಸರಿಯಾಗಿ ಮೂರು ಸಾವಿರ. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಇಷ್ಟು ದುಂಡಾದ ಅಂಕಿ ಒಂದು ಸಂತೃಪ್ತ ನಿವೃತ್ತಿಯ ಗುರುತು ಎಂದು ಯಾರಾದರೂ ಭಾವಿಸಬಹುದು. ವಾಸ್ತವ ಹಾಗಿಲ್ಲ. ಅದು ಗಳಿಸಿದ ಮೂರೇ ತಿಂಗಳಲ್ಲಿ, 1972ರ ಕೊನೆಯ ರಾತ್ರಿ, ಅವರಿದ್ದ ವಿಮಾನ ಸಮುದ್ರಕ್ಕೆ ಬಿದ್ದಿತು. ಆಗ ಅವರಿಗೆ ಮೂವತ್ತೆಂಟು ವರ್ಷ.

ಆ ವಿಮಾನವನ್ನು ಅವರು ಹತ್ತಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಅವರ ಬಾಲ್ಯಕ್ಕೆ ಹಿಂದಿರುಗಬೇಕು.

ರಾಬರ್ಟೊ ಹುಟ್ಟಿದ್ದು 1934ರ ಆಗಸ್ಟ್ 18ರಂದು, ದ್ವೀಪದ ರಾಜಧಾನಿ ಸಾನ್ ಹುವಾನ್‌ಗೆ ಸಮೀಪದ ಕ್ಯಾರೊಲಿನಾ ಎಂಬ ಊರಿನಲ್ಲಿ. ಸುತ್ತಲೂ ಕಬ್ಬಿನ ಗದ್ದೆಗಳು. ತಂದೆ ಮೆಲ್ಚೋರ್ ಆ ಗದ್ದೆಗಳಲ್ಲಿ ಮೇಸ್ತ್ರಿ. ತಾಯಿ ಲೂಯಿಸಾ ಬಟ್ಟೆ ಒಗೆಯುವ ಕೆಲಸವನ್ನೂ ಮಾಡಿ ಸಂಸಾರ ತೂಗಿಸಿದವರು. ಮನೆಯ ಕಿರಿಯ ಮಗ ರಾಬರ್ಟೊ. ಅಮೆರಿಕದ ಆಳ್ವಿಕೆಗೆ ಒಳಪಟ್ಟಿದ್ದ ಆ ದ್ವೀಪದಲ್ಲಿ ಬೇಸ್‌ಬಾಲ್ ಆಗಲೇ ಕೇರಿಕೇರಿಯ ಆಟವಾಗಿತ್ತು. ಕೊಳ್ಳಲು ಹಣವಿಲ್ಲದ ಮಕ್ಕಳು ಸೀಬೆಮರದ ಕೊಂಬೆಯನ್ನು ಬ್ಯಾಟ್ ಮಾಡಿಕೊಂಡರು, ಕಾಫಿ ಬೀಜದ ಗೋಣಿಯಿಂದ ಕೈಗವಸು ಹೊಲಿದುಕೊಂಡರು, ಚಿಂದಿ ಬಟ್ಟೆಯನ್ನು ಬಿಗಿದು ಕಟ್ಟಿ ಚೆಂಡು ಮಾಡಿದರು. ರಾಬರ್ಟೊ ಆ ಮಕ್ಕಳಲ್ಲೊಬ್ಬ. ಮೈದಾನದಿಂದ ಮನೆಗೆ ಬಂದ ಮೇಲೂ ಹುಡುಗನ ಕೈಯಲ್ಲಿ ರಬ್ಬರ್ ಚೆಂಡೊಂದು ಇರುತ್ತಿತ್ತು. ಅದನ್ನು ಹಿಸುಕುತ್ತ, ಗೋಡೆಗೆ ಎಸೆದು ಹಿಡಿಯುತ್ತ ಗಂಟೆಗಟ್ಟಲೆ ಕಳೆಯುತ್ತಿದ್ದ. ಮುಂದೆ ಅಮೆರಿಕದ ಪ್ರೇಕ್ಷಕರನ್ನು ಬೆರಗುಗೊಳಿಸಿದ ಆ ತೋಳಿನ ಕಸುವಿಗೆ ಇದೇ ಮೊದಲ ಪಾಠ.

ಚಳಿಗಾಲದಲ್ಲಿ ಸಾನ್ ಹುವಾನ್ ತಂಡಕ್ಕೆ ಆಡಲು ಅಮೆರಿಕದಿಂದ ಮಾಂಟಿ ಅರ್ವಿನ್ ಎಂಬ ಕಪ್ಪು ಆಟಗಾರ ಬರುತ್ತಿದ್ದರು. ಅಮೆರಿಕದ ಮೇಜರ್ ಲೀಗ್ ಕರಿಯರಿಗೆ ಬಾಗಿಲು ಮುಚ್ಚಿದ್ದ ಕಾಲವದು. ಅಲ್ಲಿ ಕಪ್ಪು ಆಟಗಾರರಿಗೇ ಪ್ರತ್ಯೇಕ ಲೀಗ್‌ಗಳಿದ್ದವು. ಕೆರಿಬಿಯನ್ ದ್ವೀಪಗಳಲ್ಲಾದರೋ ಕರಿಯರೂ ಬಿಳಿಯರೂ ಒಂದೇ ತಂಡದಲ್ಲಿ ಆಡುತ್ತಿದ್ದರು. ತಂದೆ ಕೊಟ್ಟ ಚಿಲ್ಲರೆ ಕಾಸಿನಲ್ಲಿ ಬಸ್ಸು ಹಿಡಿದು ರಾಬರ್ಟೊ ಅರ್ವಿನ್ ಅವರ ಆಟ ನೋಡಲು ಹೋಗುತ್ತಿದ್ದ. ಅವರು ಚೆಂಡು ಎಸೆಯುವ ರೀತಿ ಆತನಿಗೆ ಆದರ್ಶವಾಯಿತು. 1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಜರ್ಸ್ ಪರ ಆಡಿ ಮೇಜರ್ ಲೀಗಿನ ವರ್ಣಭೇದದ ಗೋಡೆಯನ್ನು ಕೆಡವಿದಾಗ ರಾಬರ್ಟೊಗೆ ಹನ್ನೆರಡು ವರ್ಷ. ತನ್ನಂಥವನಿಗೂ ಅಲ್ಲೊಂದು ಜಾಗವಿದೆ ಎಂದು ಹುಡುಗನೊಬ್ಬ ಕನಸು ಕಾಣಲು ಆಗ ಮೊದಲ ಬಾರಿ ಆಧಾರ ಸಿಕ್ಕಿತ್ತು.

1952ರಲ್ಲಿ ಸ್ಯಾಂಟುರ್ಸೆ ತಂಡ ಹದಿನೆಂಟರ ಈ ತರುಣನನ್ನು ಸೇರಿಸಿಕೊಂಡಿತು. ಎರಡು ವರ್ಷಗಳಲ್ಲಿ ಡಾಜರ್ಸ್ ಸಂಸ್ಥೆ ಹತ್ತು ಸಾವಿರ ಡಾಲರ್ ಬೋನಸ್ ಕೊಟ್ಟು ಕರೆದುಕೊಂಡಿತು. ಆದರೆ ಆತನನ್ನು ಕಳಿಸಿದ್ದು ತನ್ನ ಅಧೀನದ ಮಾಂಟ್ರಿಯಲ್ ತಂಡಕ್ಕೆ. ಅಂದಿನ ನಿಯಮದಂತೆ, ದೊಡ್ಡ ಬೋನಸ್ ಪಡೆದ ಹೊಸಬನನ್ನು ಮುಖ್ಯ ತಂಡದಲ್ಲಿ ಇರಿಸಿಕೊಳ್ಳದಿದ್ದರೆ ಬೇರೆ ತಂಡಗಳು ಆತನನ್ನು ಆಯ್ದುಕೊಳ್ಳಬಹುದಿತ್ತು. 1954ರ ನವೆಂಬರ್‌ನಲ್ಲಿ ಆದದ್ದೂ ಅದೇ. ಆ ವರ್ಷ ಪಟ್ಟಿಯ ತಳದಲ್ಲಿದ್ದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಕೇವಲ ನಾಲ್ಕು ಸಾವಿರ ಡಾಲರ್‌ಗೆ ಕ್ಲೆಮೆಂಟೆ ಅವರನ್ನು ಪಡೆಯಿತು. ಮುಂದಿನ ಹದಿನೆಂಟು ವರ್ಷ ಅವರು ಬೇರೆ ತಂಡದ ಅಂಗಿ ತೊಡಲಿಲ್ಲ.

ಉಕ್ಕಿನ ಕಾರ್ಖಾನೆಗಳ ಆ ನಗರ ಅವರನ್ನು ಕೂಡಲೇ ಅಪ್ಪಿಕೊಂಡಿತು ಎನ್ನುವಂತಿಲ್ಲ. ಅವರು ಕಪ್ಪು ಬಣ್ಣದವರು. ಆಡುವ ಭಾಷೆ ಸ್ಪ್ಯಾನಿಷ್. ತಿರಸ್ಕಾರಕ್ಕೆ ಒಂದಲ್ಲ, ಎರಡು ನೆಪಗಳು. ವಸಂತದ ತರಬೇತಿ ನಡೆಯುತ್ತಿದ್ದ ಫ್ಲಾರಿಡಾದಲ್ಲಿ ಕಪ್ಪು ಆಟಗಾರರಿಗೆ ಬೇರೆಯೇ ವಸತಿ. ಪ್ರಯಾಣದ ನಡುವೆ ಬಿಳಿಯ ಸಂಗಡಿಗರು ಹೋಟೆಲಿನಲ್ಲಿ ಊಟ ಮಾಡುವಾಗ ಇವರು ಬಸ್ಸಿನಲ್ಲೇ ಕಾದಿರಬೇಕು. ಕ್ಲೆಮೆಂಟೆ ಇದನ್ನು ಪ್ರತಿಭಟಿಸಿದರು. ಕಪ್ಪು ಆಟಗಾರರ ಓಡಾಟಕ್ಕೆ ಬೇರೆ ವಾಹನ ಕೊಡುವಂತೆ ಆಡಳಿತವನ್ನು ಒತ್ತಾಯಿಸಿದರು. ಪತ್ರಿಕೆಗಳ ಕೆಲವು ವರದಿಗಾರರು ಅವರ ಇಂಗ್ಲಿಷ್ ಉಚ್ಚಾರಣೆಯನ್ನು ಅಣಕಿಸುವಂತೆ ಅಕ್ಷರಕ್ಕಿಳಿಸಿ ಅಚ್ಚು ಹಾಕಿದರು. ಕಾರು ಅಪಘಾತವೊಂದರಿಂದ ಉಳಿದಿದ್ದ ಬೆನ್ನುನೋವನ್ನು ಹೇಳಿಕೊಂಡರೆ ಸೋಮಾರಿಯ ನಟನೆ ಎಂದರು. ಹೆಸರನ್ನೂ ಬಿಡಲಿಲ್ಲ. ರಾಬರ್ಟೊ ಎಂಬುದು ಅಮೆರಿಕನ್ನರ ನಾಲಿಗೆಗೆ ಭಾರವೆಂಬಂತೆ ಅವರನ್ನು ‘ಬಾಬ್’ ಮಾಡಲಾಯಿತು. ಮಕ್ಕಳು ಸಂಗ್ರಹಿಸುವ ಆಟಗಾರರ ಕಾರ್ಡುಗಳಲ್ಲೂ ವರ್ಷಗಟ್ಟಲೆ ಅದೇ ಹೆಸರು ಅಚ್ಚಾಯಿತು. ತಂದೆತಾಯಿ ಇಟ್ಟ ಹೆಸರಿನಿಂದಲೇ ಕರೆಯಬೇಕೆಂದು ಅವರು ಕೊನೆಯವರೆಗೂ ಪಟ್ಟು ಹಿಡಿದರು. ಇದನ್ನು ಅಹಂಕಾರವೆಂದು ಕಂಡವರಿದ್ದರು. ಆದರೆ ಹೆಸರನ್ನು ಬಿಟ್ಟುಕೊಡುವುದೆಂದರೆ ಕ್ಯಾರೊಲಿನಾದ ಆ ಕೇರಿಯನ್ನು, ಆಟ ಕಲಿತ ನೆಲವನ್ನು ಬಿಟ್ಟುಕೊಟ್ಟಂತೆ ಎಂಬುದು ಅವರ ಬದುಕನ್ನು ಬಲ್ಲವರಿಗೆ ಅರ್ಥವಾಗುತ್ತದೆ.

ಮೈದಾನದಲ್ಲಿ ಮಾತ್ರ ಅವರ ಆಟಕ್ಕೆ ಭಾಷಾಂತರ ಬೇಕಾಗಿರಲಿಲ್ಲ. ಮೈದಾನದ ಬಲಭಾಗದ ಅಂಚಿನಿಂದ ಅವರು ಎಸೆದ ಚೆಂಡು ದೂರದ ಬೇಸಿಗೆ ನೇರವಾಗಿ ಬಂದು ಬೀಳುತ್ತಿತ್ತು. ಎದುರಾಳಿಗಳು ಇನ್ನೊಂದು ಬೇಸಿಗೆ ಓಡುವ ಮುನ್ನ ಎರಡು ಸಲ ಯೋಚಿಸುತ್ತಿದ್ದರು. ಉತ್ತಮ ಕ್ಷೇತ್ರರಕ್ಷಣೆಗೆ ಕೊಡುವ ‘ಗೋಲ್ಡ್ ಗ್ಲೋವ್’ ಹನ್ನೆರಡು ಬಾರಿ ಅವರದಾಯಿತು. ನಾಲ್ಕು ಬಾರಿ ತಮ್ಮ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿ ದಾಖಲಿಸಿದರು. 1960ರ ವರ್ಲ್ಡ್ ಸೀರೀಸ್‌ನಲ್ಲಿ ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್ ತಂಡವನ್ನು ಪೈರೇಟ್ಸ್ ಸೋಲಿಸಿದಾಗ ಏಳು ಪಂದ್ಯಗಳಲ್ಲೂ ಅವರು ಹಿಟ್ ಗಳಿಸಿದ್ದರು. ಆದರೂ ಆ ವರ್ಷದ ಶ್ರೇಷ್ಠ ಆಟಗಾರನ ಆಯ್ಕೆಯಲ್ಲಿ ಪತ್ರಕರ್ತರು ಅವರನ್ನು ಎಂಟನೆಯ ಸ್ಥಾನಕ್ಕೆ ತಳ್ಳಿದರು. ಆ ಗಾಯ ಬಹುಕಾಲ ಮಾಯಲಿಲ್ಲ. ಗೌರವ ದೊರೆತದ್ದು 1966ರಲ್ಲಿ.

1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದಾಗ, ಅಂತ್ಯಕ್ರಿಯೆ ಮುಗಿಯುವವರೆಗೆ ಆಡುವುದಿಲ್ಲವೆಂದು ನಿಂತ ಪೈರೇಟ್ಸ್ ಆಟಗಾರರಲ್ಲಿ ಕ್ಲೆಮೆಂಟೆ ಮುಂಚೂಣಿಯಲ್ಲಿದ್ದರು. ಪಂದ್ಯಗಳು ಮುಂದಕ್ಕೆ ಹೋದವು. 1971ರ ಸೆಪ್ಟೆಂಬರ್ 1ರಂದು ಪೈರೇಟ್ಸ್ ತಂಡ ಕಪ್ಪು ಹಾಗೂ ಲ್ಯಾಟಿನ್ ಅಮೆರಿಕ ಮೂಲದ ಒಂಬತ್ತು ಆಟಗಾರರನ್ನೇ ಕಣಕ್ಕಿಳಿಸಿತು. ಮೇಜರ್ ಲೀಗ್ ಇತಿಹಾಸದಲ್ಲಿ ಅದು ಮೊದಲು; ಆ ಒಂಬತ್ತರಲ್ಲಿ ಕ್ಲೆಮೆಂಟೆ ಒಬ್ಬರು. ಅದೇ ವರ್ಷದ ವರ್ಲ್ಡ್ ಸೀರೀಸ್‌ನಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ಬಾಲ್ಟಿಮೋರ್ ವಿರುದ್ಧ ಮತ್ತೆ ಏಳೂ ಪಂದ್ಯಗಳಲ್ಲಿ ಹಿಟ್ ಗಳಿಸಿ ಸರಣಿಯ ಶ್ರೇಷ್ಠ ಆಟಗಾರರಾದರು. ಗೆಲುವಿನ ನಂತರ ದೂರದರ್ಶನದ ಮೈಕಿನ ಮುಂದೆ ನಿಂತವರು ಮೊದಲು ಸ್ಪ್ಯಾನಿಷ್‌ನಲ್ಲಿ ಮಾತನಾಡಿ, ಊರಿನಲ್ಲಿದ್ದ ತಂದೆತಾಯಿಯ ಆಶೀರ್ವಾದ ಬೇಡಿದರು. ಅವರ ಉಚ್ಚಾರಣೆಯನ್ನು ಅಣಕಿಸಿದ್ದ ದೇಶವೇ ಕುಳಿತು ಅದನ್ನು ಕೇಳಿತು.

ಪ್ರತಿ ಚಳಿಗಾಲ ಅವರು ದ್ವೀಪಕ್ಕೆ ಮರಳುತ್ತಿದ್ದರು. ಬಡಮಕ್ಕಳಿಗೆ ಉಚಿತ ತರಬೇತಿ ಶಿಬಿರ ನಡೆಸುತ್ತಿದ್ದರು. ಅವರಿಗಾಗಿ ಒಂದು ಕ್ರೀಡಾನಗರವನ್ನೇ ಕಟ್ಟುವ ಕನಸಿತ್ತು. 1972ರ ಸೆಪ್ಟೆಂಬರ್ 30ರಂದು ಮೂರು ಸಾವಿರದ ಹಿಟ್ ಗಳಿಸಿದ ಮೇಲೆ ಅವರು ವಿಶ್ರಾಂತಿಗೆ ಕೂರಲಿಲ್ಲ. ನವೆಂಬರ್‌ನಲ್ಲಿ ಪೋರ್ಟೊರಿಕೊದ ಹವ್ಯಾಸಿ ತಂಡದ ವ್ಯವಸ್ಥಾಪಕರಾಗಿ ನಿಕರಾಗುವಾ ದೇಶದ ರಾಜಧಾನಿ ಮನಾಗುವಾಕ್ಕೆ ಹೋದರು. ಅಲ್ಲಿ ನಡೆದ ವಿಶ್ವ ಹವ್ಯಾಸಿ ಬೇಸ್‌ಬಾಲ್ ಪಂದ್ಯಾವಳಿಯ ಆ ವಾರಗಳಲ್ಲಿ ಊರಿನ ಬೀದಿಗಳೂ ಜನರೂ ಅವರಿಗೆ ಆಪ್ತರಾದರು. ಅಪಘಾತದಲ್ಲಿ ಕಾಲು ಕಳೆದುಕೊಂಡ ಬಾಲಕನೊಬ್ಬನಿಗೆ ಕೃತಕ ಕಾಲು ಕೊಡಿಸುವ ಏರ್ಪಾಟು ಮಾಡಿ ಬಂದಿದ್ದರು.

ಡಿಸೆಂಬರ್ 23ರ ನಡುರಾತ್ರಿಯ ಭೂಕಂಪ ಆ ನಗರವನ್ನು ನೆಲಸಮ ಮಾಡಿತು. ಸಾವಿರಾರು ಜನ ಸತ್ತರು, ಲಕ್ಷಾಂತರ ಜನ ಮನೆ ಕಳೆದುಕೊಂಡರು. ಕ್ರಿಸ್‌ಮಸ್ ಹಬ್ಬವನ್ನು ಬದಿಗಿಟ್ಟು ಕ್ಲೆಮೆಂಟೆ ಪರಿಹಾರ ಸಮಿತಿಯ ಮುಂದಾಳಾದರು. ಸಾನ್ ಹುವಾನ್‌ನ ಬೇಸ್‌ಬಾಲ್ ಕ್ರೀಡಾಂಗಣವೇ ಆಹಾರ, ಔಷಧ, ಬಟ್ಟೆಗಳ ಉಗ್ರಾಣವಾಯಿತು. ಆದರೆ ಕಳಿಸಿದ ಸಾಮಗ್ರಿ ಸಂತ್ರಸ್ತರ ಕೈಸೇರದೆ ಸರ್ವಾಧಿಕಾರಿ ಸೊಮೊಜಾನ ಸೈನಿಕರ ಪಾಲಾಗುತ್ತಿದೆ ಎಂಬ ಸುದ್ದಿ ಬಂತು. ತಾವೇ ಎದುರಿಗೆ ನಿಂತರೆ ಕಸಿಯುವ ಧೈರ್ಯ ಯಾರಿಗೂ ಬಾರದು ಎಂದು ಅವರು ನಂಬಿದರು. ಬಾಡಿಗೆಗೆ ದೊರೆತದ್ದು ಹಳೆಯ ಡಿಸಿ-7 ವಿಮಾನ. ಅದಕ್ಕೆ ಮಿತಿಮೀರಿ 4,000 ಪೌಂಡಿಗೂ ಹೆಚ್ಚು ಭಾರ ಹೇರಲಾಗಿತ್ತು. ಡಿಸೆಂಬರ್ 31ರ ರಾತ್ರಿ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಅದು ಕಡಲಿಗೆ ಬಿದ್ದಿತು. ಐವರಲ್ಲಿ ಯಾರೂ ಉಳಿಯಲಿಲ್ಲ. ಪೈರೇಟ್ಸ್ ತಂಡದ ಗೆಳೆಯ ಮ್ಯಾನಿ ಸಾಂಗಿಯೆನ್ ಶ್ರದ್ಧಾಂಜಲಿ ಸಭೆಗೆ ಹೋಗದೆ ಮುಳುಗುಗಾರರೊಡನೆ ಸಮುದ್ರಕ್ಕಿಳಿದು ಹುಡುಕಿದರು. ಕ್ಲೆಮೆಂಟೆ ಅವರ ದೇಹ ಸಿಗಲೇ ಇಲ್ಲ. ಪತ್ನಿ ವೆರಾ ಮತ್ತು ಮೂವರು ಪುಟ್ಟ ಗಂಡುಮಕ್ಕಳು ಉಳಿದರು.

ಅಂಥ ವಿಮಾನವನ್ನು ಹತ್ತಿದ್ದು ವಿವೇಕವೇ ಎಂದು ಕೇಳುವವರಿದ್ದಾರೆ, ಕೇಳುವುದು ತಪ್ಪಲ್ಲ. ಆ ಭಾರವನ್ನು ಹೇರಿದವರ, ಹಾರಲು ಬಿಟ್ಟವರ ಹೊಣೆಗೇಡಿತನವನ್ನು ತ್ಯಾಗದ ಹೊಗಳಿಕೆಯಲ್ಲಿ ಮರೆಯಬಾರದು. ಆದರೆ ಚೆಕ್ಕಿಗೆ ಸಹಿ ಹಾಕಿ ಛಾಯಾಚಿತ್ರಕ್ಕೆ ನಿಂತು ಕರ್ತವ್ಯ ಮುಗಿಸುವುದು ಅವರಿಗೆ ತಿಳಿಯದ ದಾರಿಯಾಗಿತ್ತು ಎಂಬುದೂ ನಿಜ. ಮನಾಗುವಾದ ಜನರನ್ನು ಅವರಿಗೆ ಪರಿಚಯಿಸಿದ್ದು ಬೇಸ್‌ಬಾಲ್. ಸೀಬೆಕೊಂಬೆ ಹಿಡಿದು ಆಡುವ ಮಕ್ಕಳು ಅಲ್ಲಿಯೂ ಇದ್ದರು. ಆಟ ತನಗೆ ಕೊಟ್ಟದ್ದು ಸಾಲ, ಅದನ್ನು ಆಟವಾಡುವ ಬಡವರಿಗೇ ಹಿಂತಿರುಗಿಸಬೇಕು ಎಂಬಂತೆ ಅವರು ಬದುಕಿದರು. ಬಾಲ್ಯದ ಪ್ರೀತಿಯೊಂದು ಪ್ರೌಢ ಮನುಷ್ಯನ ಹೊಣೆಯಾಗಿ ಬೆಳೆದದ್ದೇ ಈ ಬದುಕಿನ ಸಾರ.

ನಿವೃತ್ತಿಯ ನಂತರ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಬದಿಗಿರಿಸಿ 1973ರಲ್ಲಿ ಅವರನ್ನು ಬೇಸ್‌ಬಾಲ್‌ನ ‘ಹಾಲ್ ಆಫ್ ಫೇಮ್’ಗೆ ಸೇರಿಸಲಾಯಿತು. ಲ್ಯಾಟಿನ್ ಅಮೆರಿಕದಿಂದ ಆ ಗೌರವ ಪಡೆದ ಮೊದಲ ಆಟಗಾರ ಅವರು. ಅದೇ ವರ್ಷ ಆ ಸಾಲಿನಲ್ಲಿ ಸೇರ್ಪಡೆಯಾದ ಇನ್ನೊಬ್ಬರು ಮಾಂಟಿ ಅರ್ವಿನ್. ಸಮಾಜಸೇವೆಗಾಗಿ ಮೇಜರ್ ಲೀಗ್ ಆಟಗಾರನೊಬ್ಬನಿಗೆ ಪ್ರತಿವರ್ಷ ಕೊಡುವ ಪ್ರಶಸ್ತಿಗೆ ಕ್ಲೆಮೆಂಟೆ ಅವರ ಹೆಸರಿದೆ. ಆದರೆ ಹಾಲ್ ಆಫ್ ಫೇಮ್‌ನ ಮೂಲ ಫಲಕದಲ್ಲಿ, ತಂದೆಯ ಮನೆತನದ ಹೆಸರಿನ ನಂತರ ತಾಯಿಯ ಮನೆತನದ ಹೆಸರು ಬರುವ ಸ್ಪ್ಯಾನಿಷ್ ಪದ್ಧತಿಯನ್ನು ತಿಳಿಯದೆ ಅವರ ಹೆಸರನ್ನು ಹಿಂದುಮುಂದಾಗಿ ಕೆತ್ತಲಾಗಿತ್ತು. ಅದನ್ನು ತಿದ್ದಿ ರಾಬರ್ಟೊ ಕ್ಲೆಮೆಂಟೆ ವಾಕರ್ ಎಂದು ಸರಿಯಾಗಿ ಬರೆದದ್ದು 2000ದಲ್ಲಿ, ಅವರು ತೀರಿಕೊಂಡು ಇಪ್ಪತ್ತೇಳು ವರ್ಷಗಳ ಮೇಲೆ.