ವೇಲೂರಿನ ವೈದ್ಯಮಾತೆ ಡಾ. ಐಡಾ ಸ್ಕಡರ್

ಗಡಿನಾಡಿನ ಸದ್ಭಕ್ತರಲ್ಲಿ ವೇಲೂರಿನ ಹೆಸರು ಕೇಳದವರು ಇರಲಾರರು. ಜೂಜುವಾಡಿ, ಹೊಸೂರು, ಸೂಳಗಿರಿ, ಕೃಷ್ಣಗಿರಿ ಕಡೆಯ ಮನೆಗಳಲ್ಲಿ ಯಾರಿಗಾದರೂ ಬೇಗ ವಾಸಿಯಾಗದ ಕಾಯಿಲೆ ಬಂದರೆ, ಬೆಂಗಳೂರಿಗೆ ಕರೆದೊಯ್ಯುವುದೋ ವೇಲೂರಿಗೆ ಕರೆದೊಯ್ಯುವುದೋ ಎಂಬ ಮಾತು ಬರುತ್ತದೆ. ವಾಣಿಯಂಬಾಡಿ, ಆಂಬೂರು ದಾಟಿ ಹೋಗಿ ಗುಣಪಡಿಸಿಕೊಂಡು ಬಂದವರು ನಮ್ಮಲ್ಲಿ ಅನೇಕರು. ಆಸ್ಪತ್ರೆಯನ್ನು ಬಲ್ಲವರು ಬಹಳ. ಅದನ್ನು ಕಟ್ಟಿದ ಹೆಣ್ಣುಮಗಳನ್ನು ಬಲ್ಲವರು ಕಡಿಮೆ. ಆಕೆ ಬರೀ ಆಸ್ಪತ್ರೆ ಕಟ್ಟಿ ಸುಮ್ಮನಾಗಲಿಲ್ಲ, ವೈದ್ಯರನ್ನೂ ದಾದಿಯರನ್ನೂ ತಯಾರು ಮಾಡುವ ಪಾಠಶಾಲೆ ಕಟ್ಟಿದರು ಎಂಬುದಂತೂ ಹೆಚ್ಚಿನವರಿಗೆ ತಿಳಿಯದು.

ಡಾ. ಐಡಾ ಸ್ಕಡರ್ ಕ್ರೈಸ್ತ ಮಿಷನರಿ ಮನೆತನದವರು. ಅವರ ಚರಿತ್ರೆ ಮಠದ ಪತ್ರಿಕೆಯಲ್ಲಿ ಏಕೆ ಎಂದು ಕೇಳುವವರಿರಬಹುದು. ಮಿಷನ್ನಿನವರು ತಮ್ಮ ಮತವನ್ನು ಬೋಧಿಸಲೆಂದೇ ಬಂದವರು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅನುಭವ ಮಂಟಪದಲ್ಲಿ ಹೆಣ್ಣಿಗೆ ಗಂಡಿನ ಸರಿಸಮ ಸ್ಥಾನ ಕೊಟ್ಟ ಬಸವಾದಿ ಶರಣರ ಪರಂಪರೆಯ ನಮಗೆ, ಹೆಣ್ಣುಮಕ್ಕಳ ಕೈಗೆ ವೈದ್ಯವಿದ್ಯೆ ಕೊಟ್ಟ ಒಬ್ಬ ತಾಯಿಯ ಕಾಯಕ ಪರಕೀಯವೆನಿಸಬಾರದು.

ಐಡಾ ಹುಟ್ಟಿದ್ದು ೧೮೭೦ರ ಡಿಸೆಂಬರ್ ೯ರಂದು, ವೇಲೂರಿಗೆ ಸಮೀಪದ ರಾಣಿಪೇಟೆಯಲ್ಲಿ. ಅಜ್ಜ ಜಾನ್ ಸ್ಕಡರ್ ೧೮೧೯ರಲ್ಲೇ ಅಮೆರಿಕ ಬಿಟ್ಟು ಸಿಂಹಳಕ್ಕೆ, ಅಲ್ಲಿಂದ ಮದರಾಸಿಗೆ ಬಂದ ವೈದ್ಯರು. ತಂದೆಯೂ ವೈದ್ಯರೇ. ಆರೇಳು ವಯಸ್ಸಿನಲ್ಲಿ ಆ ಮಗು ಕಂಡದ್ದು ನಮ್ಮ ಹಿರಿಯರು ಧಾತು ಈಶ್ವರ ಬರ ಎಂದು ನೆನೆಯುತ್ತಿದ್ದ ೧೮೭೬-೭೮ರ ಭೀಕರ ಕ್ಷಾಮ. ಹಸಿದ ಮಕ್ಕಳಿಗೆ ರೊಟ್ಟಿಯ ಚೂರು ಹಂಚಿದ ನೆನಪು ಆಕೆಯನ್ನು ಬಿಡಲಿಲ್ಲ. ಅದರಿಂದಲೇ ಈ ದೇಶದ ಸಹವಾಸ ಬೇಡವೆಂದು ಅನ್ನಿಸಿತಂತೆ. ಅಮೆರಿಕದಲ್ಲಿ ಓದಿ, ಅಲ್ಲಿಯೇ ಮದುವೆಯಾಗಿ ಸುಖವಾಗಿರಬೇಕೆಂಬುದು ಆಕೆಯ ಹಂಬಲವಾಗಿತ್ತು.

೧೮೯೦ರಲ್ಲಿ ತಾಯಿಗೆ ಕಾಯಿಲೆಯೆಂದು ತಿಂಡಿವನಕ್ಕೆ ಬಂದರು. ಕೆಲವು ತಿಂಗಳಿದ್ದು ಹಿಂದಿರುಗುವ ಯೋಚನೆ. ಅಲ್ಲಿ ಒಂದು ರಾತ್ರಿ ನಡೆದ ಸಂಗತಿಯನ್ನು ಅವರ ಚರಿತ್ರೆ ಬರೆದವರೆಲ್ಲರೂ ಹೇಳುತ್ತಾರೆ. ಮೊದಲು ಒಬ್ಬ ಬ್ರಾಹ್ಮಣ ಯುವಕ ಬಾಗಿಲಿಗೆ ಬಂದ. ಚಿಕ್ಕ ವಯಸ್ಸಿನ ಹೆಂಡತಿ ಹೆರಿಗೆಯಾಗದೆ ಒದ್ದಾಡುತ್ತಿದ್ದಾಳೆ, ಬಂದು ಕಾಪಾಡಬೇಕೆಂದು ಬೇಡಿದ. ವೈದ್ಯರು ನನ್ನ ತಂದೆ, ಅವರನ್ನು ಕರೆದುಕೊಂಡು ಹೋಗಿ ಎಂದರೆ ಆತ ಒಪ್ಪಲಿಲ್ಲ. ಪರಪುರುಷ ಹೆಂಡತಿಯ ಮುಖ ನೋಡುವುದು ಆ ಮನೆಯಲ್ಲಿ ಸಲ್ಲದು. ಆತ ಹೋದಮೇಲೆ ಒಬ್ಬ ಮುಸಲ್ಮಾನ ಗೃಹಸ್ಥ ಬಂದ, ಬಳಿಕ ಇನ್ನೊಬ್ಬ ಮೇಲ್ಜಾತಿಯ ಹಿಂದೂ. ಮೂವರದೂ ಒಂದೇ ಕಷ್ಟ, ಒಂದೇ ಉತ್ತರ. ಬೆಳಗಾಗುವುದರೊಳಗೆ ಮೂರು ಹೆಣ್ಣುಜೀವಗಳೂ ಹೋಗಿದ್ದವು. ವೈದ್ಯರು ಊರಿನಲ್ಲೇ ಇದ್ದರು, ಔಷಧವೂ ಇತ್ತು. ವಿದ್ಯೆ ಕಲಿತ ಒಬ್ಬ ಹೆಂಗಸು ಮಾತ್ರ ಇರಲಿಲ್ಲ. ನಮ್ಮ ಹಿರಿಯರ ಮನೆಗಳಲ್ಲಿಯೂ ಇದೇ ರೀತಿ ಬಾಣಂತಿಯರು ಸತ್ತ ಕಥೆಗಳಿದ್ದವು ಎಂಬುದನ್ನು ಮರೆಯಬಾರದು.

ಐಡಾ ವೈದ್ಯರಾಗಲು ನಿಶ್ಚಯಿಸಿದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯ ಕಾಲೇಜಿನಲ್ಲಿ ಓದು ಆರಂಭಿಸಿ, ಬಳಿಕ ಕಾರ್ನೆಲ್ ವಿದ್ಯಾಲಯ ಸ್ತ್ರೀಯರನ್ನು ಸೇರಿಸಿಕೊಳ್ಳತೊಡಗಿದಾಗ ನ್ಯೂಯಾರ್ಕಿಗೆ ಹೋಗಿ ೧೮೯೯ರಲ್ಲಿ ಪದವಿ ಪಡೆದರು. ಹೊರಡುವ ಮುನ್ನ ಶೆಲ್ ಎಂಬ ಸಾಹುಕಾರರೊಬ್ಬರು ಕಾಲವಾದ ತಮ್ಮ ಪತ್ನಿಯ ಹೆಸರಿನಲ್ಲಿ ಹತ್ತು ಸಾವಿರ ಡಾಲರ್ ದಾನವಿತ್ತರು. ೧೯೦೦ರ ಆರಂಭದಲ್ಲಿ ಐಡಾ ವೇಲೂರಿಗೆ ಬಂದರು. ಅದೇ ವರ್ಷ ಮೇ ತಿಂಗಳಲ್ಲಿ ತಂದೆ ತೀರಿಕೊಂಡರು. ತಂದೆಯ ಕೈಕೆಳಗೆ ಪಳಗಬೇಕೆಂದಿದ್ದ ಮಗಳು ಒಂಟಿಯಾದರು. ಮನೆಯ ಒಂದು ಚಿಕ್ಕ ಕೋಣೆಯೇ ದವಾಖಾನೆ, ಮನೆಯಲ್ಲಿ ಕೆಲಸಕ್ಕಿದ್ದ ಸಲೋಮಿ ಎಂಬಾಕೆಯೇ ಸಹಾಯಕಿ. ಎರಡು ವರ್ಷದಲ್ಲಿ ಸುಮಾರು ೫,೦೦೦ ರೋಗಿಗಳನ್ನು ನೋಡಿದರು. ೧೯೦೨ರಲ್ಲಿ ೪೦ ಹಾಸಿಗೆಯ ಶೆಲ್ ಆಸ್ಪತ್ರೆ ತೆರೆಯಿತು.

ಆದರೆ ಒಬ್ಬರು ಎಷ್ಟೆಂದು ದುಡಿದಾರು? ಒಬ್ಬ ಡಾಕ್ಟರಮ್ಮ ಕಾಯಿಲೆ ಬಿದ್ದರೆ ಆಸ್ಪತ್ರೆಯೇ ಮುಚ್ಚಬೇಕು. ಆದ್ದರಿಂದ ಐಡಾ ಅವರ ಗಮನ ಕಲಿಸುವುದರ ಕಡೆ ತಿರುಗಿತು. ೧೯೦೯ರಲ್ಲಿ ದಾದಿಯರ ಶಾಲೆ ಆರಂಭವಾಯಿತು. ದಾದಿಯ ಕೆಲಸವೆಂದರೆ ಮೈಲಿಗೆಯ ಕೆಲಸ, ಮಾನಸ್ಥರ ಹೆಣ್ಣುಮಕ್ಕಳು ಮಾಡುವಂಥದ್ದಲ್ಲ ಎಂದು ಜನ ತಿಳಿದಿದ್ದ ಕಾಲ ಅದು. ಈ ಭಾವನೆ ಈಗಲೂ ಪೂರ್ತಿ ಹೋಗಿದೆ ಎನ್ನಲಾರೆ. ಹುಡುಗಿ ನರ್ಸಿಂಗ್ ಓದುತ್ತೇನೆಂದರೆ ಹುಬ್ಬು ಗಂಟಿಕ್ಕುವ ಹಿರಿಯರು ನಮ್ಮವರಲ್ಲೂ ಇದ್ದಾರೆ. ಅದೇ ಕಾಲದಲ್ಲಿ ಐಡಾ ಗುಡಿಯಾತ್ತಂ ದಾರಿಯ ಹಳ್ಳಿಗಳಿಗೆ ವಾರಕ್ಕೊಮ್ಮೆ ಹೋಗಿ ಮರದ ನೆರಳಿನಲ್ಲಿ ಔಷಧ ಕೊಡಲು ತೊಡಗಿದ್ದರು. ಮೊದಲು ಗಾಡಿ, ೧೯೦೯ರಿಂದ ಒಂದು ಪುಟ್ಟ ಮೋಟಾರು. ಮುಂದೆ ವಿದ್ಯಾರ್ಥಿನಿಯರನ್ನೂ ಜೊತೆಗೆ ಒಯ್ಯುತ್ತಿದ್ದುದರಿಂದ ರಸ್ತೆಬದಿಯೇ ತರಗತಿಯಾಯಿತು.

ಮದರಾಸಿನ ಮೆಡಿಕಲ್ ಕಾಲೇಜಿಗೆ ೧೮೭೫ರಲ್ಲೇ ಸ್ತ್ರೀಯರು ಸೇರಿದ್ದರು. ಆದರೆ ಗಂಡು ಹುಡುಗರ ನಡುವೆ ಮಗಳನ್ನು ಕೂರಿಸಲು ಹಳ್ಳಿಯ ತಂದೆತಾಯಿಯರು ಸಿದ್ಧರಿರಲಿಲ್ಲ. ಹೆಣ್ಣುಮಕ್ಕಳಿಗೇ ಪ್ರತ್ಯೇಕ ವೈದ್ಯಶಾಲೆ ಬೇಕೆಂದು ಐಡಾ ಸರ್ಕಾರದ ಬಳಿ ಹೋದರು. ಮದರಾಸಿನ ವೈದ್ಯ ಇಲಾಖೆಯ ದೊಡ್ಡ ಅಧಿಕಾರಿಗೆ ನಂಬಿಕೆಯಿರಲಿಲ್ಲ. ಮೂರು ಅರ್ಜಿ ಬಂದರೂ ಅದೃಷ್ಟವೆಂಬುದು ಅವರ ಎಣಿಕೆ. ಬಂದದ್ದು ೧೫೧ ಅರ್ಜಿ. ಸೇರಿಸಿಕೊಳ್ಳಲಾದದ್ದು ಹದಿನೇಳು ಮಂದಿಯನ್ನು. ೧೯೧೮ರ ಆಗಸ್ಟ್ ೧೨ರಂದು ಮದರಾಸಿನ ಗವರ್ನರ್ ಲಾರ್ಡ್ ಪೆಂಟ್ಲೆಂಡ್ ಶಾಲೆಯನ್ನು ಉದ್ಘಾಟಿಸಿದರು. ಬಾಡಿಗೆಯ ಕಟ್ಟಡ, ಬೆರಳೆಣಿಕೆಯ ಉಪಾಧ್ಯಾಯರು. ಐಡಾ ಅವರೇ ಪಾಠ ಹೇಳಬೇಕು, ಅವರೇ ಶಸ್ತ್ರಚಿಕಿತ್ಸೆಯನ್ನೂ ಮಾಡಬೇಕು. ೧೯೨೨ರಲ್ಲಿ ಮೊದಲ ತಂಡದ ಹದಿನಾಲ್ಕು ಮಂದಿ ತೇರ್ಗಡೆಯಾಗಿ ಎಲ್.ಎಂ.ಪಿ. ಡಾಕ್ಟರುಗಳಾದರು.

ಎಲ್.ಎಂ.ಪಿ. ಎಂದರೆ ಎಂ.ಬಿ.ಬಿ.ಎಸ್.ಗಿಂತ ಕೆಳಗಿನ ದರ್ಜೆ, ನಾಲ್ಕು ವರ್ಷದ ಓದು. ಹಳ್ಳಿಗಳಿಗೆ ಬೇಗ ಡಾಕ್ಟರು ಸಿಗಲಿ ಎಂಬುದು ಅದರ ಉದ್ದೇಶ. ೧೯೩೦ರ ದಶಕದ ಕೊನೆಯಲ್ಲಿ ಮದರಾಸು ಸರ್ಕಾರ ಆ ದರ್ಜೆಯನ್ನೇ ನಿಲ್ಲಿಸಲು ತೀರ್ಮಾನಿಸಿತು. ಇನ್ನು ಮುಂದೆ ವಿಶ್ವವಿದ್ಯಾಲಯದ ಪದವಿಯೇ ಆಗಬೇಕು. ಅದಕ್ಕೆ ಹೆಚ್ಚು ಹಾಸಿಗೆ, ಹೆಚ್ಚು ಪ್ರಾಧ್ಯಾಪಕರು, ದೊಡ್ಡ ಪ್ರಯೋಗಶಾಲೆ ಬೇಕು. ಇಲ್ಲದಿದ್ದರೆ ಶಾಲೆ ಮುಚ್ಚಬೇಕು. ಆಗ ಐಡಾ ಅವರಿಗೆ ಎಪ್ಪತ್ತರ ಹತ್ತಿರ. ಹಣ ಕೂಡಿಸಲು ಯುದ್ಧದ ನಡುವೆಯೇ ಅಮೆರಿಕಕ್ಕೆ ಹೋಗಿ ಊರೂರು ತಿರುಗಿದರು.

ಹಣಕ್ಕಿಂತ ಕಠಿಣವಾದ ಪ್ರಶ್ನೆ ಬೇರೊಂದಿತ್ತು. ಪುರುಷರಿಗಾಗಿ ಇನ್ನೊಂದು ಕಾಲೇಜು ಕಟ್ಟುವ ಶಕ್ತಿ ಮಿಷನ್ನುಗಳಿಗಿರಲಿಲ್ಲ. ಎಲ್ಲ ಮಿಷನ್ನುಗಳೂ ಕೈಜೋಡಿಸಬೇಕಾದರೆ ವೇಲೂರಿನಲ್ಲಿ ಪುರುಷರಿಗೂ ಪ್ರವೇಶ ಕೊಡಬೇಕು. ಸ್ತ್ರೀಯರ ಕಾಲೇಜಿಗೆಂದೇ ಹಣ ಎತ್ತಿಕೊಟ್ಟಿದ್ದ ಲೂಸಿ ಪೀಬಡಿ ಮುಂತಾದ ಹಳೆಯ ಗೆಳತಿಯರು ಇದನ್ನು ವಚನಭಂಗವೆಂದೇ ಎಣಿಸಿದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಐಡಾ ನೊಂದರು, ಆದರೂ ಶಾಲೆ ಉಳಿಯಬೇಕೆಂಬ ಪಕ್ಷವನ್ನೇ ಹಿಡಿದರು. ೧೯೪೨ರಲ್ಲಿ ಎಂ.ಬಿ.ಬಿ.ಎಸ್. ತರಗತಿಗೆ ಮನ್ನಣೆ ದೊರೆಯಿತು, ೧೯೪೭ರಲ್ಲಿ ಪುರುಷ ವಿದ್ಯಾರ್ಥಿಗಳು ಸೇರಿದರು. ೧೯೪೬ರಲ್ಲಿ ನರ್ಸಿಂಗಿನಲ್ಲೂ ಪದವಿ ಶಿಕ್ಷಣ ಆರಂಭವಾಗಿತ್ತು. ನಮ್ಮ ದೇಶದಲ್ಲಿ ದಾದಿಯರಿಗೆ ಪದವಿ ಸಿಕ್ಕಿದ್ದು ಆ ವರ್ಷದಿಂದ.

ಅದೇ ೧೯೪೬ರಲ್ಲಿ ಐಡಾ ನಿವೃತ್ತರಾದರು. ಬಳಿಕ ಸಂಸ್ಥೆಯ ಹೊಣೆ ವಿಶಾಖಪಟ್ಟಣದಲ್ಲಿ ಹುಟ್ಟಿದ ಡಾ. ಹಿಲ್ಡಾ ಲಾಜರಸ್ ಅವರ ಕೈಗೆ ಬಂತು. ಐಡಾ ಮದುವೆಯಾಗಲಿಲ್ಲ. ಕೊಡೈಕಾನಲ್ಲಿನ ಬೆಟ್ಟದ ಮನೆಯಲ್ಲಿ ನೆಲೆಸಿ, ೧೯೬೦ರ ಮೇ ತಿಂಗಳಲ್ಲಿ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ ಅಲ್ಲಿಯೇ ಕಾಲವಾದರು. ೨೦೦೦ದಲ್ಲಿ ಸಂಸ್ಥೆಗೆ ನೂರು ತುಂಬಿದಾಗ ಭಾರತದ ಅಂಚೆ ಇಲಾಖೆ ಸ್ಮಾರಕ ಅಂಚೆಚೀಟಿ ಹೊರತಂದಿತು.

ಅಲ್ಲಿಂದೀಚೆಗೆ ನಮ್ಮ ಸಮಾಜದ ಸಂಸ್ಥೆಗಳೂ ಈ ದಾರಿ ಹಿಡಿದಿವೆ. ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ ೧೯೬೩ರಲ್ಲಿ, ಮೈಸೂರಿನಲ್ಲಿ ಸುತ್ತೂರು ಮಠದ ಜೆ.ಎಸ್.ಎಸ್. ವಿದ್ಯಾಪೀಠ ೧೯೮೪ರಲ್ಲಿ ವೈದ್ಯ ಕಾಲೇಜು ತೆರೆದವು. ೨೦೨೨ರ ಜನವರಿಯಲ್ಲಿ ಕೃಷ್ಣಗಿರಿಗೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ. ಜೂಜುವಾಡಿಯ ಹುಡುಗಿ ಡಾಕ್ಟರಾಗಬೇಕೆಂದರೆ ಈಗ ಒಂದೆರಡು ಗಂಟೆಯ ಬಸ್ಸಿನ ದಾರಿ, ಮತ್ತು ನೀಟ್ ಪರೀಕ್ಷೆ.