ಶಾಲೆಗಳ ಸ್ಥಿತಿಯನ್ನು ನಾಡಿಗೆ ತಿಳಿಸಿದ ಹೊರೇಸ್ ಮ್ಯಾನ್

ಶಾಲೆಗಳಿಗೆ ಧನವಿತ್ತ ದಾನಿಗಳ ಹೆಸರನ್ನು ನಾವು ಗೋಡೆಯ ಮೇಲಿನ ಕಲ್ಲುಗಳಲ್ಲಿ ಓದುತ್ತೇವೆ. ಶಾಲೆಗಳಲ್ಲಿ ಪಾಠ ಹೇಳಿದ ಗುರುಗಳನ್ನು ಶಿಷ್ಯರು ನೆನೆಯುತ್ತಾರೆ. ಆದರೆ ಶಾಲೆಗಳನ್ನು ಸಾಕುವ ಹೊಣೆ ಹೊತ್ತವರಿಗೆ ಆ ಶಾಲೆಗಳ ನಿಜಸ್ಥಿತಿಯನ್ನು ತಿಳಿಸುವುದನ್ನೇ ವ್ರತದಂತೆ ಕೈಕೊಂಡವರು ಬಹಳ ವಿರಳ. ಅಂಥವರಲ್ಲಿ ಅಗ್ರಗಣ್ಯನು ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಮ್ಯಾಸಚೂಸೆಟ್ಸಿನ ಹೊರೇಸ್ ಮ್ಯಾನ್. ಆತನ ಜೀವನವನ್ನು ನಮ್ಮ ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಹೊರೇಸ್ ಮ್ಯಾನ್ 1796ನೆಯ ಇಸವಿಯ ಮೇ 4ರಂದು ಫ್ರ್ಯಾಂಕ್ಲಿನ್ ಎಂಬ ಸಣ್ಣ ಊರಿನ ಬಡ ಒಕ್ಕಲು ಮನೆತನದಲ್ಲಿ ಜನಿಸಿದನು. ಹೊಲದ ದುಡಿಮೆಯಿಂದ ಮಕ್ಕಳಿಗೂ ಬಿಡುವಿರಲಿಲ್ಲ. ಮನೆಯಲ್ಲಿ ಕುಳಿತಾಗ ಟೋಪಿಗಳಿಗೆ ಬೇಕಾಗುವ ಒಣಹುಲ್ಲನ್ನು ಹೆಣೆದು ಆತನು ನಾಲ್ಕು ಕಾಸು ಗಳಿಸುತ್ತಿದ್ದನು. ಆ ಊರಿನ ಶಾಲೆಯಲ್ಲಿ ಆತನಿಗೆ ಪಾಠ ದೊರೆಯುತ್ತಿದ್ದುದು ವರ್ಷಕ್ಕೆ ಎಂಟು ಹತ್ತು ವಾರ ಮಾತ್ರ. ಹದಿಮೂರನೆಯ ವಯಸ್ಸಿನಲ್ಲಿ ತಂದೆ ಕ್ಷಯರೋಗದಿಂದ ತೀರಿಹೋದನು. ಮರುವರ್ಷ ಅಣ್ಣನೊಬ್ಬನು ನೀರಿನಲ್ಲಿ ಮುಳುಗಿ ಸತ್ತನು. ಇಂಥ ದುಃಖದ ದಿನಗಳಲ್ಲಿ ಆ ಬಾಲಕನಿಗೆ ಆಸರೆಯಾದುದು ಊರಿನ ಪುಸ್ತಕಭಂಡಾರ. ಆ ಊರಿಗೆ ತನ್ನ ಹೆಸರನ್ನಿಟ್ಟರೆಂದು ಸಂತೋಷಪಟ್ಟ ಬೆಂಜಮಿನ್ ಫ್ರ್ಯಾಂಕ್ಲಿನನು, ಜನರು ಪ್ರಾರ್ಥನಾಮಂದಿರಕ್ಕೆ ಒಂದು ಗಂಟೆಯನ್ನು ಬೇಡಿದಾಗ, ಗಂಟೆಗೆ ಬದಲಾಗಿ ನೂರಕ್ಕೂ ಮಿಕ್ಕಿ ಪುಸ್ತಕಗಳನ್ನು ಕಳುಹಿಸಿದ್ದನು. ಹೊರೇಸ್ ಅವುಗಳನ್ನು ಆಸೆಯಿಂದ ಓದಿದನು. ಶಾಲೆಯಿಲ್ಲದ ಮಗುವಿನ ಹಸಿವು ಎಂಥದೆಂಬುದನ್ನು ಆತನು ಹೀಗೆ ಸ್ವಾನುಭವದಿಂದ ಅರಿತನು.

ಮುಂದೆ ಒಬ್ಬ ಗುರುವಿನ ನೆರವಿನಿಂದ ಲ್ಯಾಟಿನ್, ಗ್ರೀಕ್ ಭಾಷೆಗಳನ್ನು ಕಲಿತು, 1816ರಲ್ಲಿ ಬ್ರೌನ್ ವಿಶ್ವವಿದ್ಯಾಲಯವನ್ನು ಸೇರಿ, 1819ರಲ್ಲಿ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾದನು. ಬಳಿಕ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ 1823ರಲ್ಲಿ ವಕೀಲನಾದನು. 1827ರಲ್ಲಿ ಸಂಸ್ಥಾನದ ಶಾಸನಸಭೆಗೆ ಆಯ್ಕೆಯಾದನು. ಬುದ್ಧಿಭ್ರಮಣೆಯಾದವರನ್ನು ಸೆರೆಮನೆಗಳಲ್ಲಿ ಕೂಡಿಹಾಕುತ್ತಿದ್ದ ಕಾಲವದು. ಅವರಿಗಾಗಿ ವುಸ್ಟರ್ ನಗರದಲ್ಲಿ ಸರಕಾರದ ಆಸ್ಪತ್ರೆಯೊಂದು 1833ರಲ್ಲಿ ತೆರೆಯುವಂತೆ ಮಾಡಿದ ಶ್ರೇಯಸ್ಸು ಮುಖ್ಯವಾಗಿ ಈತನದೇ. 1836ರಲ್ಲಿ ಆತನು ಶಾಸನಸಭೆಯ ಮೇಲ್ಮನೆಗೆ ಅಧ್ಯಕ್ಷನಾದನು.

1837ರ ಏಪ್ರಿಲಿನಲ್ಲಿ ಮ್ಯಾಸಚೂಸೆಟ್ಸ್ ಸರಕಾರವು ಒಂದು ವಿದ್ಯಾಮಂಡಳಿಯನ್ನು ಸ್ಥಾಪಿಸಿತು. ಅದರ ಕಾರ್ಯದರ್ಶಿಯ ಸ್ಥಾನಕ್ಕೆ ಹೊರೇಸ್ ಮ್ಯಾನನನ್ನು ಕರೆದರು. ವರ್ಷಕ್ಕೆ 1500 ಡಾಲರ್ ಸಂಬಳ. ವಕೀಲಿಯ ಗಳಿಕೆಯನ್ನೂ ರಾಜಕೀಯದ ಪದವಿಯನ್ನೂ ತೊರೆಯಬೇಕು. ಇದಕ್ಕಿಂತಲೂ ವಿಚಿತ್ರವಾದುದು ಆ ಮಂಡಳಿಯ ಸ್ವರೂಪ. ಒಂದು ಶಾಲೆಯನ್ನು ತೆರೆಯುವ ಅಥವಾ ಮುಚ್ಚುವ, ಒಬ್ಬ ಶಿಕ್ಷಕನನ್ನು ನೇಮಿಸುವ ಅಥವಾ ತೆಗೆಯುವ ಅಧಿಕಾರವು ಅದಕ್ಕಿರಲಿಲ್ಲ. ಅದೆಲ್ಲವೂ ಆಯಾ ಊರಿನವರು ಚುನಾಯಿಸಿದ ಶಾಲಾ ಸಮಿತಿಗಳ ಕೈಯಲ್ಲಿತ್ತು. ಶಾಲೆಗಳ ಸ್ಥಿತಿಗತಿಗಳನ್ನು ಕುರಿತು ಮಾಹಿತಿಯನ್ನು ಕೂಡಿಸುವುದು, ಕೂಡಿಸಿದುದನ್ನು ನಾಡಿನಲ್ಲೆಲ್ಲ ಹರಡುವುದು, ಇಷ್ಟೇ ಕಾರ್ಯದರ್ಶಿಯ ಕೆಲಸ. ಕೈಯಲ್ಲಿ ಕೋಲಿಲ್ಲದ ಇಂಥ ಪದವಿಯನ್ನು ಮಿತ್ರರು ಕೀಳೆಂದು ಬಗೆದರು. ಹೊರೇಸನು ಮನಃಪೂರ್ವಕವಾಗಿ ಒಪ್ಪಿಕೊಂಡನು.

ಆಗ ಆ ಸಂಸ್ಥಾನದಲ್ಲಿ ಮುನ್ನೂರರಷ್ಟು ಊರುಗಳಿದ್ದವು. ಪ್ರತಿಯೊಂದು ಊರಿಗೂ ಶಾಲಾ ಸಮಿತಿಯಿರಬೇಕೆಂದು ಕಾಯಿದೆಯಿತ್ತು. ಆದರೆ ಸಮಿತಿಯ ಸದಸ್ಯರಿಗೆ ತಮ್ಮ ಶಾಲೆಯ ವಿಚಾರವೇ ತಿಳಿದಿರಲಿಲ್ಲ. ಪಕ್ಕದ ಊರಿನ ಶಾಲೆಯ ವಿಚಾರವಂತೂ ದೂರದ ಮಾತು. ಕಾರ್ಯದರ್ಶಿಯು ಕುದುರೆಯೇರಿ ಜಿಲ್ಲೆಯಿಂದ ಜಿಲ್ಲೆಗೆ ಹೊರಟನು. ಹೋದಲ್ಲೆಲ್ಲ ಸಭೆ ಕೂಡಿಸಿದನು, ಶಾಲಾಗೃಹಗಳನ್ನು ಹೊಕ್ಕು ನೋಡಿದನು, ಸಮಿತಿಗಳಿಗೆ ಪ್ರಶ್ನಾವಳಿಗಳನ್ನು ಕಳುಹಿಸಿದನು. ಕಂಡುದನ್ನೆಲ್ಲ ತನ್ನ ಮೊದಲನೆಯ ವಾರ್ಷಿಕ ವರದಿಯಲ್ಲಿ ಮುಚ್ಚುಮರೆಯಿಲ್ಲದೆ ಬರೆದನು. ಅನೇಕ ಸಮಿತಿಗಳು ಕಾಯಿದೆಯಂತೆ ಶಾಲೆಗಳನ್ನು ಸಂದರ್ಶಿಸುತ್ತಿರಲಿಲ್ಲ. ಕಟ್ಟಡಗಳಲ್ಲಿ ಗಾಳಿಬೆಳಕಿಗೆ ಎಡೆಯಿರಲಿಲ್ಲ. ಸಾರ್ವಜನಿಕ ಶಾಲೆಗಳನ್ನೇ ನಂಬಿದ ಮಕ್ಕಳಲ್ಲಿ ಮೂರರಲ್ಲೊಂದು ಪಾಲು ಚಳಿಗಾಲದ ಶಾಲೆಗೂ ಸರಿಯಾಗಿ ಬರುತ್ತಿರಲಿಲ್ಲ. ಮರುವರ್ಷದ ವರದಿಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ಸಮಿತಿಗಳಿಂದಲೇ ಬಂದ ಉತ್ತರಗಳನ್ನು ಕೂಡಿಸಿ ನೋಡಿದಾಗ, ಓದುವ ತರಗತಿಗಳ ಹನ್ನೆರಡು ಮಕ್ಕಳಲ್ಲಿ ಹನ್ನೊಂದಕ್ಕಿಂತಲೂ ಹೆಚ್ಚು ಪಾಲಿನವರು ಓದಿದ ಶಬ್ದಗಳ ಅರ್ಥವನ್ನರಿಯರೆಂದು ತಿಳಿದುಬಂತು. ತಮ್ಮ ಮಕ್ಕಳು ಗಟ್ಟಿಯಾಗಿ ಓದುವುದನ್ನು ಕೇಳಿ ನಲಿಯುತ್ತಿದ್ದ ಪಾಲಕರಿಗೆ ಇದು ಸಿಡಿಲೆರಗಿದಂತಾಯಿತು.

ದೋಷವನ್ನು ತೋರಿಸಿಕೊಟ್ಟು ಸುಮ್ಮನಾಗುವ ಸ್ವಭಾವ ಆತನದಲ್ಲ. ತಿಳಿವಳಿಕೆಯು ವರ್ಷವರ್ಷವೂ ತಾನಾಗಿ ಹರಿದುಬರಲು ಕಾಲುವೆಗಳನ್ನು ಕಡಿಸಬೇಕೆಂದು ಯೋಚಿಸಿದನು. 1838ರ ಕಾಯಿದೆಯಿಂದ ಮೂರು ಏರ್ಪಾಡುಗಳಾದವು. ಪ್ರತಿ ಶಾಲೆಯಲ್ಲಿಯೂ ಶಿಕ್ಷಕನು ಹಾಜರಿ ಪುಸ್ತಕವನ್ನಿಡಬೇಕು. ಶಾಲಾ ಸಮಿತಿಯು ಪ್ರತಿವರ್ಷವೂ ತನ್ನ ಶಾಲೆಗಳ ಗುಣದೋಷಗಳನ್ನು ಕುರಿತು ವಿವರವಾದ ವರದಿಯನ್ನು ಬರೆದು ಊರಿನ ಮಹಾಸಭೆಯ ಮುಂದಿಟ್ಟು, ಅದರ ಪ್ರತಿಯನ್ನು ವಿದ್ಯಾಮಂಡಳಿಗೆ ಕಳುಹಿಸಬೇಕು. ಸಮಿತಿಯ ಸದಸ್ಯರಿಗೆ ಅವರು ದುಡಿದ ದಿನಗಳಿಗೆ ಅಲ್ಪ ಸಂಭಾವನೆ ದೊರೆಯಬೇಕು. ಹೀಗೆ ಬಂದ ವರದಿಗಳ ಸಾರವನ್ನು ಹೊರೇಸನು ಅಚ್ಚುಹಾಕಿಸಿ ಊರೂರಿಗೆ ಕಳುಹಿಸುತ್ತಿದ್ದನು. ಒಂದೂರಿನ ಸಮಿತಿಯು ಕಂಡುಕೊಂಡ ಉಪಾಯವು ಇನ್ನೊಂದೂರಿಗೆ ತಲುಪುವ ಬಗೆ ಇದು.

ಇನ್ನೊಂದು ಉಪಾಯವು ಬಹು ಸ್ವಾರಸ್ಯಕರವಾದುದು. ನಾಲ್ಕರಿಂದ ಹದಿನಾರು ವರ್ಷದವರೆಗಿನ ಒಂದೊಂದು ಮಗುವಿಗೆ ಯಾವ ಊರು ಎಷ್ಟು ಹಣವನ್ನು ವೆಚ್ಚ ಮಾಡುತ್ತದೆಂದು ಲೆಕ್ಕಹಾಕಿ, ಎಲ್ಲ ಊರುಗಳನ್ನೂ ಅನುಕ್ರಮವಾಗಿ ಜೋಡಿಸಿ, ಆ ಕೋಷ್ಟಕವನ್ನು ಪ್ರಕಟಿಸಿದನು. ಯಾರನ್ನೂ ನಿಂದಿಸುವ ಅಗತ್ಯವೇ ಬೀಳಲಿಲ್ಲ. ಸಿರಿವಂತ ಊರಿನವರು ತಮ್ಮ ಹೆಸರನ್ನು ಪಟ್ಟಿಯ ಕೆಳಭಾಗದಲ್ಲಿ ಕಂಡು ನಾಚಿಕೊಳ್ಳುವಂತಾಯಿತು. ಇದಲ್ಲದೆ 1838ರ ನವೆಂಬರದಲ್ಲಿ ಸಾರ್ವಜನಿಕ ಶಾಲೆಗಳಿಗಾಗಿಯೇ ತಿಂಗಳಿಗೆರಡು ಬಾರಿ ಹೊರಡುವ ಪತ್ರಿಕೆಯೊಂದನ್ನು ಆರಂಭಿಸಿ, ಹತ್ತು ಸಂಪುಟಗಳ ಕಾಲ ತಾನೇ ಅದರ ಸಂಪಾದಕನಾಗಿ ದುಡಿದನು. ಹೊಸ ಕಾಯಿದೆಗಳು, ಕಟ್ಟಡದ ನಕ್ಷೆಗಳು, ಪಾಠಕ್ರಮಗಳು ಎಲ್ಲವೂ ಅದರಲ್ಲಿ ಬರುತ್ತಿದ್ದವು.

1839ರ ಜುಲೈ 3ರಂದು ಲೆಕ್ಸಿಂಗ್ಟನ್ ಊರಿನಲ್ಲಿ ಅಮೇರಿಕದ ಮೊದಲನೆಯ ಸರಕಾರಿ ಶಿಕ್ಷಕರ ತರಬೇತಿ ಶಾಲೆಯು ತೆರೆಯಿತು. ಅಂದು ಬಂದ ವಿದ್ಯಾರ್ಥಿನಿಯರು ಮೂವರೇ. ಎಡ್ಮಂಡ್ ಡ್ವೈಟ್ ಎಂಬ ಉದಾರಿಯು 10,000 ಡಾಲರುಗಳನ್ನಿತ್ತು, ಸರಕಾರವೂ ಅಷ್ಟೇ ಕೊಡುವಂತಾದುದರಿಂದ ಈ ಕಾರ್ಯವು ಸಾಧ್ಯವಾಯಿತು.

ಸತ್ಯವನ್ನು ಬಯಲಿಗಿಡುವವನಿಗೆ ವಿರೋಧಿಗಳು ಹುಟ್ಟದಿರುವರೇ? 1840ರಲ್ಲಿ ವಿದ್ಯಾಮಂಡಳಿಯನ್ನೇ ರದ್ದುಪಡಿಸಬೇಕೆಂಬ ಸೂಚನೆಯು ಶಾಸನಸಭೆಗೆ ಬಂತು. ಅದರ ಪರವಾಗಿ 182 ಮತಗಳೂ ವಿರುದ್ಧವಾಗಿ 245 ಮತಗಳೂ ಬಿದ್ದುದರಿಂದ ಮಂಡಳಿಯು ಉಳಿಯಿತು. 1843ರಲ್ಲಿ ಹೊರೇಸನು ಮೇರಿ ಪೀಬಡಿ ಎಂಬ ವಿದುಷಿಯನ್ನು ವಿವಾಹವಾಗಿ, ಪತ್ನೀಸಮೇತನಾಗಿ ಯುರೋಪಿಗೆ ಹೋಗಿ, ಅಲ್ಲಿಯ ಶಾಲೆಗಳನ್ನು ನೋಡಿ ಬಂದನು. ಪ್ರಷ್ಯ ದೇಶದ ಶಿಕ್ಷಕರು ಮಕ್ಕಳನ್ನು ಹೊಡೆಯದೆ ಕಲಿಸುವುದನ್ನು ಮೆಚ್ಚಿ ಏಳನೆಯ ವರದಿಯಲ್ಲಿ ಬರೆದಾಗ, ಬಾಸ್ಟನ್ ನಗರದ ಮೂವತ್ತೊಂದು ಮಂದಿ ಮುಖ್ಯ ಶಿಕ್ಷಕರು ಕೆರಳಿ ಆತನ ವಿರುದ್ಧ ಪುಸ್ತಕವನ್ನೇ ಹೊರಡಿಸಿದರು. ಈ ವಾದವಿವಾದವು ಒಂದು ಒಳ್ಳೆಯ ಫಲಕ್ಕೆ ದಾರಿಮಾಡಿತು. ಅದುವರೆಗೆ ಸಮಿತಿಯವರು ಶಾಲೆಗೆ ಬಂದಾಗ ಬಾಯಿಂದ ನಾಲ್ಕು ಪ್ರಶ್ನೆ ಕೇಳಿ, ಚುರುಕಾದ ಕೆಲವು ಮಕ್ಕಳ ಉತ್ತರದಿಂದ ತೃಪ್ತರಾಗಿ ಹಿಂದಿರುಗುತ್ತಿದ್ದರು. ಹೊರೇಸನ ಮಿತ್ರನಾದ ಸ್ಯಾಮ್ಯುಯೆಲ್ ಹೋವ್ ಮೊದಲಾದವರು 1845ರಲ್ಲಿ ಬಾಸ್ಟನ್ ಸಮಿತಿಯಲ್ಲಿದ್ದು, ಅಚ್ಚಿನ ಪ್ರಶ್ನೆಪತ್ರಿಕೆಗಳಿಂದ ಲಿಖಿತ ಪರೀಕ್ಷೆಯನ್ನು ನಡೆಸಿದರು. ಫಲಿತಾಂಶವು ಎಲ್ಲರ ನಿರೀಕ್ಷೆಗಿಂತ ತೀರ ಕೆಳಗಿತ್ತು. ತಮ್ಮ ಶಾಲೆಗಳೇ ಶ್ರೇಷ್ಠವೆಂದು ನಂಬಿದ್ದ ನಗರವು ಕಣ್ತೆರೆಯಿತು.

ಈ ಮಹನೀಯನಲ್ಲಿ ಕೊರತೆಯೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಬಾಸ್ಟನ್ನಿನಲ್ಲಿ ನೀಗ್ರೋ ಮಕ್ಕಳನ್ನು ಪ್ರತ್ಯೇಕ ಶಾಲೆಗಳಲ್ಲಿಡುತ್ತಿದ್ದ ಅನ್ಯಾಯವನ್ನು ಕುರಿತು ಕಾರ್ಯದರ್ಶಿಯಾಗಿ ಆತನು ಬಹಿರಂಗವಾಗಿ ದನಿಯೆತ್ತಲಿಲ್ಲವೆಂದು ವೆಂಡೆಲ್ ಫಿಲಿಪ್ಸ್ ಮುಂತಾದ ಗುಲಾಮಗಿರಿಯ ವಿರೋಧಿಗಳು ಆಕ್ಷೇಪಿಸಿದರು. ಆ ಪದ್ಧತಿಯು ಕಾಯಿದೆಯಿಂದ ನಿಂತುದು 1855ರಲ್ಲಿ. ಎಲ್ಲವನ್ನೂ ವರದಿಮಾಡಿದವನು ಇದೊಂದರಲ್ಲಿ ಮೌನ ತಾಳಿದುದು ವಿಷಾದಕರ.

1848ರಲ್ಲಿ ಹನ್ನೆರಡನೆಯ ಹಾಗೂ ಕೊನೆಯ ವರದಿಯನ್ನು ಬರೆದು ಹೊರೇಸನು ಆ ಪದವಿಯಿಂದ ನಿವೃತ್ತನಾದನು. ಈ ಅವಧಿಯಲ್ಲಿ ಊರುಗಳು ಶಾಲೆಗಳಿಗೆ ಕೊಡುವ ಹಣವು ಇಮ್ಮಡಿಗಿಂತ ಹೆಚ್ಚಾಯಿತು. ಶಿಕ್ಷಕ ಶಿಕ್ಷಕಿಯರ ವೇತನವು ಅರ್ಧಕ್ಕಿಂತ ಹೆಚ್ಚಿತು. ಸುಮಾರು ಐವತ್ತು ಹೊಸ ಹೈಸ್ಕೂಲುಗಳು ಹುಟ್ಟಿದವು. ಶಾಲೆ ನಡೆಯುವ ಕಾಲವು ವರ್ಷಕ್ಕೆ ಒಂದು ತಿಂಗಳಷ್ಟು ಬೆಳೆಯಿತು. ಇದಾವುದನ್ನೂ ಆತನು ಆಜ್ಞೆಮಾಡಿ ಪಡೆದುದಲ್ಲ. ತಿಳಿದ ಜನರು ತಾವಾಗಿ ಕೊಟ್ಟರು.

ಮುಂದೆ ಆತನು ರಾಷ್ಟ್ರದ ಕಾಂಗ್ರೆಸ್ ಸಭೆಯ ಸದಸ್ಯನಾಗಿ ಗುಲಾಮಗಿರಿಯ ವಿರುದ್ಧ ಹೋರಾಡಿದನು. 1853ರಿಂದ ಒಹಾಯೋ ಸಂಸ್ಥಾನದ ಆಂಟಿಯಾಕ್ ಕಾಲೇಜಿನ ಅಧ್ಯಕ್ಷನಾಗಿ, ಸ್ತ್ರೀಪುರುಷರಿಗೆ ಸಮಾನ ಶಿಕ್ಷಣವನ್ನು ನೀಡಿದನು. 1859ರ ಆಗಸ್ಟ್ 2ರಂದು ದಿವಂಗತನಾದನು. ಆತನನ್ನು 1847ರಲ್ಲಿ ಕಂಡು ಮಾತನಾಡಿದ ಸಾರ್ಮಿಯೆಂತೊ ಎಂಬವನು ಮುಂದೆ ಅರ್ಜೆಂಟೀನಾ ದೇಶದ ರಾಷ್ಟ್ರಾಧ್ಯಕ್ಷನಾಗಿ ಅಲ್ಲಿಯೂ ಶಾಲೆಗಳ ಏಳ್ಗೆಗೆ ದುಡಿದನು. ಬಾಸ್ಟನ್ನಿನ ಶಾಸನಭವನದ ಮುಂದೆ 1865ರಲ್ಲಿ ನಿಲ್ಲಿಸಿದ ಹೊರೇಸನ ವಿಗ್ರಹವಿದೆ.

ವಿದ್ಯಾರ್ಥಿಮಿತ್ರರೇ, ಹೊರನಾಡಿನ ನಮ್ಮ ಕನ್ನಡ ಶಾಲೆಗಳನ್ನು ಕಟ್ಟಿದವರು ಹೊಟ್ಟೆಪಾಡಿಗಾಗಿ ನಗರಕ್ಕೆ ಬಂದು, ದುಡಿದುದರಲ್ಲಿ ಒಂದು ಪಾಲನ್ನು ಭಾಷೆಗಾಗಿ ತೆಗೆದಿಟ್ಟ ಜನರು. ಇಂಥ ಅನೇಕ ಶಾಲೆಗಳಲ್ಲಿ ಇಂದು ಮಕ್ಕಳ ಸಂಖ್ಯೆಯು ಇಳಿಯುತ್ತಿದೆ. ಯಾವ ತರಗತಿಯಲ್ಲಿ ಎಷ್ಟು ಮಂದಿ ಕಡಿಮೆಯಾದರು, ಅವರು ಏಕೆ ಹೋದರು, ಯಾವ ಪಾಠದಲ್ಲಿ ಮಕ್ಕಳು ಹಿಂದುಳಿದರು ಎಂಬುದು ಆಡಳಿತ ಮಂಡಳಿಗೆ ಕಾಲಕ್ಕೆ ಸರಿಯಾಗಿ ತಿಳಿದರೆ ಮಾಡಬಹುದಾದುದು ಬಹಳವಿದೆ. ತಿಳಿಯದಿದ್ದರೆ ಬಾಗಿಲು ಮುಚ್ಚುವ ದಿನವೇ ಮೊದಲ ಸುದ್ದಿಯಾಗುತ್ತದೆ.

ಆದುದರಿಂದ ಗುರುಗಳು ಹಾಜರಿ ಕೂಗುವಾಗ ಅದನ್ನು ಬರಿಯ ವಾಡಿಕೆಯೆಂದು ಎಣಿಸಬೇಡಿರಿ. ವಾರ್ಷಿಕ ವರದಿಯ ಪುಟಗಳನ್ನು ಓದದೆ ಮಗುಚಬೇಡಿರಿ. ಮನೆಯಲ್ಲಿ ತಂದೆತಾಯಿಗಳಿಗೂ ಓದಿ ಹೇಳಿರಿ. ಮಂಡಳಿಯ ಹಿರಿಯರು ತರಗತಿಗೆ ಬಂದು ಪ್ರಶ್ನೆ ಕೇಳಿದರೆ, ತಿಳಿದುದನ್ನು ತಿಳಿದುದೆಂದೂ ತಿಳಿಯದುದನ್ನು ತಿಳಿಯದೆಂದೂ ವಿನಯದಿಂದ ಹೇಳಿರಿ. ನಾಳೆ ನಿಮ್ಮಲ್ಲಿ ಕೆಲವರು ಇದೇ ಶಾಲೆಯ ಮಂಡಳಿಯಲ್ಲಿ ಕುಳಿತುಕೊಳ್ಳುವಿರಿ. ಅಂದು ಹೊರೇಸ್ ಮ್ಯಾನನ ಹೆಸರು ನಿಮ್ಮ ನೆನಪಿಗೆ ಬರಲಿ ಎಂದು ನಾವು ಹಾರೈಸುತ್ತೇವೆ.