ಊರ ಸೆಗಣಿಯಿಂದ ಇಡೀ ಊರಿಗೆ ಅಡುಗೆ ಗ್ಯಾಸ್? ಎ.ಕೆ.ಎನ್. ರೆಡ್ಡಿ ಮಾಡಿ ನೋಡಿದ್ದರು

ಊರಿನ ಸೆಗಣಿಯನ್ನೆಲ್ಲ ಒಂದೆಡೆ ಹಾಕಿದರೆ ಪ್ರತಿ ಮನೆಗೂ ಪುಕ್ಕಟೆ ಅಡುಗೆ ಗ್ಯಾಸ್ ಸಿಗುತ್ತದೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಅದನ್ನು ನಮ್ಮ ರಾಜ್ಯದಲ್ಲೇ ಒಬ್ಬರು ಮಾಡಿ ನೋಡಿದ್ದರು.

ಅಮೂಲ್ಯ ಕುಮಾರ್ ಎನ್. ರೆಡ್ಡಿ ಹುಟ್ಟಿದ್ದು 1930ರಲ್ಲಿ, ಬೆಂಗಳೂರಿನಲ್ಲಿ. ಲಂಡನ್ನಿನಲ್ಲಿ ಪಿಎಚ್.ಡಿ. ಮಾಡಿದ ಅವರು ಎಲೆಕ್ಟ್ರೋಕೆಮಿಸ್ಟ್ರಿಯಲ್ಲಿ ದೊಡ್ಡ ಹೆಸರು. ಆ ದಾರಿಯಲ್ಲೇ ಆರಾಮವಾಗಿ ಇರಬಹುದಿತ್ತು. ಆದರೆ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಅವರ ತಂಡ ಕುಣಿಗಲ್ ತಾಲೂಕಿನ ಆರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಎಷ್ಟು ಕಟ್ಟಿಗೆ ಉರಿಯುತ್ತದೆ, ನೀರು ತರಲು ಎಷ್ಟು ಹೊತ್ತು ಹೋಗುತ್ತದೆ ಎಂದು ಬರೆದುಕೊಂಡಿತು.

ಅವುಗಳಲ್ಲೊಂದು ಪುರ. ಅಲ್ಲಿ ಮೊದಲು ಇಡೀ ಊರಿನ ಅಡುಗೆಗೆಂದೇ ಗ್ಯಾಸ್ ಘಟಕ ಕಟ್ಟಿದರು. ಸೆಗಣಿ ಸಾಲಲಿಲ್ಲ. ಒಂದು ಮನೆಯ 2 ಘನ ಮೀಟರ್ ಘಟಕಕ್ಕೇ ದಿನಕ್ಕೆ ಸುಮಾರು 50 ಕೆ.ಜಿ. ಸೆಗಣಿ, ಅಂದರೆ ನಾಲ್ಕೈದು ದನ ಬೇಕು. ಎಲ್ಲರ ಮನೆಯಲ್ಲಿ ಅಷ್ಟು ದನ ಎಲ್ಲಿರುತ್ತವೆ?

ರೆಡ್ಡಿ ಸೋಲು ಮುಚ್ಚಿಡಲಿಲ್ಲ. ನಮಗೆ ಅವರ ಮೇಲೆ ಗೌರವ ಹುಟ್ಟುವುದು ಇಲ್ಲೇ. ಹೆಂಗಸರಿಗೆ ಒಲೆಗಿಂತ ನೀರಿನ ಚಿಂತೆ ದೊಡ್ಡದಿತ್ತು. ಅದೇ ಗ್ಯಾಸನ್ನು ಡೀಸೆಲ್ ಎಂಜಿನ್ನಿಗೆ ಬಿಟ್ಟು ಕರೆಂಟ್ ತೆಗೆದರು. 1987ರಿಂದ ಬೋರ್‌ವೆಲ್ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ಟ್ಯೂಬ್‌ಲೈಟ್ ಹತ್ತಿತು. ಸೆಗಣಿ ತೂಗಿ ದುಡ್ಡು ಕೊಡುತ್ತಿದ್ದರು, ಉಳಿದ ಬಗ್ಗಡ ಗೊಬ್ಬರವಾಗಿ ವಾಪಸ್. ಸೆಗಣಿ ನಿಂತರೆ ಎಲ್ಲರ ನಲ್ಲಿಯೂ ನಿಲ್ಲುತ್ತಿತ್ತು, ಹಾಗಾಗಿ ಜನರೇ ತಂದು ಹಾಕುತ್ತಿದ್ದರು.

ಬೈಲಹೊಂಗಲ, ಸವದತ್ತಿ ಕಡೆಯ ಹತ್ತಿಕಟ್ಟಿಗೆಯನ್ನೂ ಗೋಬರ್ ಗ್ಯಾಸ್ ಗುಂಡಿಗೆ ಹಾಕಬಹುದೇ? ಬೇಡ. ಒದ್ದೆ ಸೆಗಣಿಯನ್ನು ಬ್ಯಾಕ್ಟೀರಿಯಾ ಜೀರ್ಣಿಸುತ್ತವೆ. ಕಟ್ಟಿಗೆಯ ಗಟ್ಟಿ ಅಂಶ ಲಿಗ್ನಿನ್ ಅವಕ್ಕೆ ಜಗ್ಗುವುದಿಲ್ಲ, ಗುಂಡಿ ಕಟ್ಟಿಕೊಳ್ಳುತ್ತದೆ. ಒಣ ಕಟ್ಟಿಗೆಗೆ ಬೇರೆ ದಾರಿ: ಕಡಿಮೆ ಗಾಳಿಯಲ್ಲಿ ಕಾಯಿಸಿ ಗ್ಯಾಸ್ ಮಾಡುವ ಗ್ಯಾಸಿಫೈಯರ್. ಕಬ್ಬಿನ ಕಾಕಂಬಿಯಲ್ಲಿ ಸಕ್ಕರೆ ಸಿದ್ಧವೇ ಇರುವುದರಿಂದ ಯೀಸ್ಟ್ ಹಾಕಿ ಎಥೆನಾಲ್ ತೆಗೆಯುತ್ತಾರೆ. ಕಿತ್ತೂರಿನಲ್ಲೋ ರಾಮದುರ್ಗದಲ್ಲೋ ನಾಲ್ಕೈದು ದನ ಕಟ್ಟಿರುವ ಮನೆಗೆ ಮಾತ್ರ ಸೆಗಣಿ ಗ್ಯಾಸಿನ ಒಲೆ ಚೆನ್ನಾಗಿ ಹೊಂದುತ್ತದೆ.

ರೆಡ್ಡಿ 2006ರ ಮೇ 7ರಂದು ತೀರಿಕೊಂಡರು. ಆ ಮೆಸೇಜ್ ಮತ್ತೆ ಬಂದರೆ, ಊರಲ್ಲಿ ದನ ಎಷ್ಟು ಎಂದು ಕಳಿಸಿದವರನ್ನೇ ಕೇಳಿ.